ಬಸ್ಸಿನೊಳಗಿನ ನೊಣ ಯಾರ ತಲೆಗೂ ಡಿಕ್ಕಿ ಹೊಡೆಯುವುದಿಲ್ಲ

ಓಡುತ್ತಿರುವ ಬಸ್ಸಿನೊಳಗೆ ನೊಣ ಸೇರಿಕೊಂಡರೆ ನನಗೆ ಓದುವುದಕ್ಕೂ ಆಗುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಅದನ್ನೇ ನೋಡುತ್ತಾ ಕೂತುಬಿಡುತ್ತೇನೆ. ಮೊನ್ನೆ ಹಾಗೇ ಆಯಿತು. ಮುಂದಿನ ಸೀಟಿನ ಕಂಬಿಯಿಂದ ಎದ್ದ ನೊಣ ನಿಂತವರ ಮೊಣಕೈಗಳ ನಡುವೆ ನುಗ್ಗಿ, ಯಾರದೋ ಬ್ಯಾಗಿನ ಪಟ್ಟಿಯ ಕೆಳಗೆ ತೂರಿ, ಡ್ರೈವರ್ ಬ್ರೇಕ್ ಹಾಕಿದಾಗ ಎಲ್ಲರೂ ಒಟ್ಟಿಗೆ ಮುಂದಕ್ಕೆ ವಾಲಿದರೂ ಯಾರಿಗೂ ತಗುಲದೆ ಹಿಂದಿನ ಸೀಟಿಗೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಪೇಪರ್ ಸುರುಳಿ ಸುತ್ತಿ ಹೊಡೆಯಲು ನೋಡಿದರು. ಒಂದೇಟೂ ಬೀಳಲಿಲ್ಲ. ಆಮೇಲೆ ಅದೇ ನೊಣ ಕಿಟಕಿ ಗಾಜಿಗೆ ಹೋಗಿ ಟಪ್ ಅಂತ ಬಡಿಯಿತು. ಹಿಂದೆ ಸರಿದು ಮತ್ತೆ ಟಪ್. ಮತ್ತೆ ಟಪ್. "ಎಂಥಾ ದಡ್ಡ ಪ್ರಾಣಿ" ಅಂದರು ಹಿರಿಯರು, ಸೋತ ಸಿಟ್ಟಿನಲ್ಲಿ.

ಇದೇ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಷ್ಟು ಜನರ ನಡುವೆ ಒಂದು ಸಲವೂ ತಪ್ಪದ ಪ್ರಾಣಿ ಎದುರಿಗಿರುವ ಗಾಜಿಗೆ ಹತ್ತು ಸಲ ಬಡಿಯುವುದು ಯಾಕೆ? ಚುರುಕು ಒಂದು ಕಡೆ, ದಡ್ಡತನ ಇನ್ನೊಂದು ಕಡೆ ಅಂತ ಇಟ್ಟುಕೊಂಡರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಎರಡಕ್ಕೂ ಕಾರಣ ಒಂದೇ ಅಂತ ನನಗೆ ಈಗ ಅನ್ನಿಸುತ್ತದೆ. ನೊಣ ವಸ್ತುಗಳನ್ನು ನೋಡಿ ತಪ್ಪಿಸಿಕೊಳ್ಳುತ್ತಿಲ್ಲ. ಅದು ತನ್ನ ಕಣ್ಣಿನಲ್ಲಿ ಮೂಡಿದ ಚಿತ್ರ ಸರಿದು ಓಡುವ ರೀತಿಯನ್ನು ನೋಡುತ್ತಿದೆ. ತಲೆ, ಮೊಣಕೈ, ಪೇಪರ್ ಸುರುಳಿ ಇವೆಲ್ಲ ಚಿತ್ರವನ್ನು ಓಡಿಸುತ್ತವೆ. ಗಾಜು ಓಡಿಸುವುದಿಲ್ಲ.

ಸಾವಿರ ಕಣ್ಣಿನ ಕಥೆ

ನೊಣಕ್ಕೆ ಸಾವಿರಾರು ಕಣ್ಣು, ಅದಕ್ಕೇ ಎಲ್ಲ ಕಾಣುತ್ತದೆ ಅಂತ ನಾವೆಲ್ಲ ಕೇಳಿ ಬೆಳೆದವರು. ಅರ್ಧ ನಿಜ. ಹಣ್ಣಿನ ಮೇಲೆ ಸುತ್ತುವ ಸಣ್ಣ ನೊಣದ ಒಂದೊಂದು ಕಣ್ಣಲ್ಲೂ ಸುಮಾರು 750 ಪುಟ್ಟ ಮಸೂರಗಳಿವೆ. ಮನೆ ನೊಣಕ್ಕೆ ಸುಮಾರು 3000. ಏರೋಪ್ಲೇನ್ ಚಿಟ್ಟೆಯ ಕೆಲವು ಜಾತಿಗಳಲ್ಲಿ 28,000ದ ಆಸುಪಾಸು. ಕೇಳಲು ದೊಡ್ಡ ಸಂಖ್ಯೆ. ಆದರೆ ಒಂದು ಮಸೂರ ಅಂದರೆ ಚಿತ್ರದಲ್ಲಿ ಹೆಚ್ಚುಕಡಿಮೆ ಒಂದು ಚುಕ್ಕೆ ಅಷ್ಟೇ. 750 ಚುಕ್ಕೆಯ ಫೋಟೋ ಅಂದರೆ ಮುಖ ಯಾವುದು, ಮಡಕೆ ಯಾವುದು ಅಂತಲೂ ಗೊತ್ತಾಗದಷ್ಟು ಮಸುಕು. ಕೈ ಪೂರ್ತಿ ಚಾಚಿ ನಡುವಿನ ಮೂರು ಬೆರಳು ಜೋಡಿಸಿ ಹಿಡಿದು ನೋಡಿ, ಆ ಅಗಲ ಸುಮಾರು 5 ಡಿಗ್ರಿ. ಹಣ್ಣುನೊಣದ ಕಣ್ಣಿನ ಅಕ್ಕಪಕ್ಕದ ಎರಡು ಮಸೂರಗಳು ನೋಡುವ ದಿಕ್ಕುಗಳ ನಡುವೆ ಅಷ್ಟು ಅಂತರ ಇದೆ. ನಮ್ಮ ಒಳ್ಳೆಯ ಕಣ್ಣು ಒಂದು ಡಿಗ್ರಿಯ 60ನೇ ಭಾಗವನ್ನೂ ಬೇರೆ ಮಾಡಿ ನೋಡಬಲ್ಲದು. ಲೆಕ್ಕ ಹಾಕಿದರೆ ನಮಗಿಂತ 300 ಪಟ್ಟು ಮಬ್ಬು ನೋಟ ಅದರದ್ದು.

ಇನ್ನೂ ಇದೆ ಅದರ ಕಷ್ಟ. ಕಣ್ಣು ತಲೆಗೆ ಗಟ್ಟಿಯಾಗಿ ಅಂಟಿಕೊಂಡಿದೆ. ಹತ್ತಿರಕ್ಕೊಂದು ದೂರಕ್ಕೊಂದು ಅಂತ ಫೋಕಸ್ ಬದಲಿಸುವ ಹಾಗಿಲ್ಲ. ಎರಡು ಕಣ್ಣೂ ಒಂದಕ್ಕೊಂದು ಎಷ್ಟು ಹತ್ತಿರ ಅಂದರೆ, ನಾವು ಎರಡು ಕಣ್ಣಿನ ಚಿತ್ರ ಹೋಲಿಸಿ ದೂರ ಅಳೆಯುತ್ತೇವಲ್ಲ, ಆ ಉಪಾಯ ಅದಕ್ಕೆ ಮೂಗಿನ ತುದಿಯಿಂದ ಆಚೆ ಕೆಲಸಕ್ಕೆ ಬರುವುದಿಲ್ಲ. ಅದರ ಹತ್ತಿರ ನಮಗಿಂತ ಜಾಸ್ತಿ ಇರುವುದು ಒಂದೇ, ವೇಗ. ನಮಗೆ ಸೆಕೆಂಡಿಗೆ 60 ಸಲ ಮಿನುಗುವ ದೀಪ ಒಂದೇ ಸಮನೆ ಉರಿದ ಹಾಗೆ ಕಾಣುತ್ತದೆ. ಚುರುಕಾಗಿ ಹಾರುವ ನೊಣಗಳ ಕಣ್ಣು 200ಕ್ಕೂ ಹೆಚ್ಚು ಮಿನುಗುಗಳನ್ನು ಬಿಡಿಬಿಡಿಯಾಗಿ ಹಿಡಿಯುತ್ತದೆ. ಹಾಗಾಗಿ ಮಸುಕು ಚಿತ್ರ, ಆದರೆ ತುಂಬಾ ಬೇಗ ಬೇಗ ಬರುವ ಮಸುಕು ಚಿತ್ರ. ಇಂಥ ಕಣ್ಣಿಟ್ಟುಕೊಂಡು "ಎದುರಿಗೆ ಏನಿದೆ" ಅಂತ ಕೇಳಿದರೆ ಉತ್ತರ ಬರುವುದಿಲ್ಲ. "ಏನು ಎಷ್ಟು ಬೇಗ ಸರಿಯುತ್ತಿದೆ" ಅಂತ ಕೇಳಿದರೆ ಚೆನ್ನಾಗಿ ಬರುತ್ತದೆ.

ಹತ್ತಿರದ್ದು ಓಡುತ್ತದೆ, ದೂರದ್ದು ತೆವಳುತ್ತದೆ

ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದ ಯಾರಿಗಾದರೂ ಇದು ಗೊತ್ತು. ರಸ್ತೆ ಬದಿಯ ಕಲ್ಲು ಕಣ್ಣಿಗೆ ಸಿಗುವ ಮೊದಲೇ ಹಿಂದೆ ಹೋಗಿರುತ್ತದೆ, ಮರ ಸ್ವಲ್ಪ ನಿಧಾನ, ಗುಡ್ಡ ಅಲ್ಲೇ ನಿಂತ ಹಾಗೆ. ನೀವು ನೇರ ಹೋಗುತ್ತಿದ್ದರೆ ಚಿತ್ರ ಸರಿಯುವ ವೇಗವೇ ದೂರದ ಅಳತೆ. ಟೇಪ್ ಬೇಡ, ಎರಡು ಕಣ್ಣೂ ಬೇಡ.

ಜೇನುಹುಳಗಳು ಇದನ್ನೇ ಬಳಸುತ್ತವೆ ಅಂತ ತೋರಿಸಿದವರಲ್ಲಿ ಮುಖ್ಯರು ಮಂಡಯಂ ಶ್ರೀನಿವಾಸನ್. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಆಮೇಲೆ ಆಸ್ಟ್ರೇಲಿಯಾದಲ್ಲಿ ಕೀಟಗಳ ಕಣ್ಣಿನ ಹಿಂದೆ ಬಿದ್ದವರು. ಅವರ ಪ್ರಯೋಗಗಳ ಸೊಗಸು ಇರುವುದು ಅವುಗಳ ಸರಳತನದಲ್ಲಿ. ಒಂದು ಉದ್ದನೆಯ ಸುರಂಗ, ಎರಡೂ ಗೋಡೆಗೆ ಕಪ್ಪುಬಿಳಿ ಪಟ್ಟೆ, ಕೊನೆಯಲ್ಲಿ ಸಕ್ಕರೆ ನೀರು. ಹುಳ ನಡುಮಧ್ಯೆ ಹಾರಿ ಹೋಗುತ್ತದೆ. ಈಗ ಒಂದು ಗೋಡೆಯ ಪಟ್ಟೆಗಳನ್ನು ಹುಳ ಹೋಗುವ ದಿಕ್ಕಿಗೇ ಓಡಿಸಿ. ಹುಳ ಆ ಗೋಡೆಯ ಕಡೆಗೆ ವಾಲುತ್ತದೆ. ಎದುರು ದಿಕ್ಕಿಗೆ ಓಡಿಸಿದರೆ ಆ ಗೋಡೆಯಿಂದ ದೂರ ಸರಿಯುತ್ತದೆ. ಗೋಡೆ ಇರುವ ಜಾಗ ಒಂದಿಷ್ಟೂ ಬದಲಾಗಿಲ್ಲ, ಗಮನಿಸಿ. ಬದಲಾದದ್ದು ಪಟ್ಟೆ ಸರಿಯುವ ವೇಗ ಮಾತ್ರ. ಎಡಗಣ್ಣಿನ ಓಟ ಬಲಗಣ್ಣಿನ ಓಟಕ್ಕೆ ಸಮ ಆಗುವ ತನಕ ಪಕ್ಕಕ್ಕೆ ಸರಿ, ಇಷ್ಟೇ ಅದರ ನಿಯಮ. ಸುರಂಗ ಕಿರಿದಾದರೆ ಎರಡೂ ಕಡೆಯ ಓಟ ಜೋರಾಗುತ್ತದೆ, ಹುಳ ತಾನಾಗಿ ನಿಧಾನ ಮಾಡುತ್ತದೆ. ಇಕ್ಕಟ್ಟಿನಲ್ಲಿ ನಿಧಾನ ಹೋಗಬೇಕು ಅಂತ ಬೇರೆ ಬುದ್ಧಿ ಬೇಕಾಗಿಲ್ಲ.

ಇಳಿಯುವ ರೀತಿ ಇದಕ್ಕಿಂತ ಚೆನ್ನಾಗಿದೆ. ಕೆಳಗಿನ ನೆಲ ಕಣ್ಣಿನಲ್ಲಿ ಸರಿಯುವ ವೇಗವನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಂಡು ಜೇನುಹುಳ ಕೆಳಗಿಳಿಯುತ್ತದೆ. ಎತ್ತರ ಅರ್ಧವಾದರೆ ನೆಲ ಎರಡು ಪಟ್ಟು ಜೋರಾಗಿ ಸರಿದ ಹಾಗೆ ಕಾಣಬೇಕು. ಹಾಗೆ ಕಾಣದಂತೆ ನೋಡಿಕೊಳ್ಳಲು ಹುಳ ತನ್ನ ವೇಗವನ್ನು ಅರ್ಧ ಮಾಡುತ್ತದೆ. ಇನ್ನೂ ಇಳಿದರೆ ಇನ್ನೂ ಅರ್ಧ. ಕಾಲು ನೆಲ ಮುಟ್ಟುವ ಹೊತ್ತಿಗೆ ವೇಗ ಹೆಚ್ಚುಕಡಿಮೆ ಸೊನ್ನೆ. ತಾನು ಎಷ್ಟು ಎತ್ತರದಲ್ಲಿದ್ದೇನೆ ಅಂತ ಅದಕ್ಕೆ ಗೊತ್ತಿಲ್ಲ, ಎಷ್ಟು ವೇಗ ಅಂತಲೂ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ದೂರವನ್ನೂ ಅವು ಹೀಗೇ ಅಳೆಯುತ್ತವೆ. 2000ನೇ ಇಸವಿಯಲ್ಲಿ ಶ್ರೀನಿವಾಸನ್ ಮತ್ತು ಜೊತೆಗಾರರು ಗೂಡಿನ ಹತ್ತಿರವೇ ಸುಮಾರು 6 ಮೀಟರ್ ಉದ್ದದ, ಒಳಗೆಲ್ಲ ಚಿತ್ತಾರ ಇರುವ ಕಿರಿದಾದ ಸುರಂಗ ಇಟ್ಟರು. ಅದರೊಳಗೆ ಹಾರಿ ಬಂದ ಹುಳಗಳು ಗೂಡಿಗೆ ಹೋಗಿ ಕುಣಿದು ಉಳಿದವರಿಗೆ ಹೇಳಿದ ದೂರ 200 ಮೀಟರಿಗೆ ಹತ್ತಿರ! ಗೋಡೆ ತೀರಾ ಹತ್ತಿರ ಇದ್ದದ್ದರಿಂದ ಕಣ್ಣಿನ ಮುಂದೆ ಚಿತ್ರ ವಿಪರೀತ ಓಡಿತ್ತು. ಹುಳ ಸುಳ್ಳು ಹೇಳಲಿಲ್ಲ. ಅದರ ಮೀಟರ್ ತೋರಿಸಿದ್ದನ್ನೇ ಹೇಳಿತು.

ಗಾಜು ಮತ್ತು ನೀರು

ಈಗ ಹಿರಿಯರು ದಡ್ಡ ಅಂದ ವಿಷಯಕ್ಕೆ ಬರೋಣ. ಶುಚಿಯಾದ ಗಾಜಿನ ಮೇಲೆ ಗೆರೆ ಇಲ್ಲ, ಕಲೆ ಇಲ್ಲ, ಸರಿಯುವುದಕ್ಕೆ ಏನೂ ಇಲ್ಲ. ಅದರ ಮೂಲಕ ಕಾಣುವುದು ದೂರದ ಆಕಾಶ, ದೂರದ ಮರ. ನಿಂತ ಕಟ್ಟಡದ ಕಿಟಕಿಯಾದರೆ ಅವು ಕಣ್ಣಿನಲ್ಲಿ ತುಂಬಾ ನಿಧಾನವಾಗಿ ಸರಿಯುತ್ತವೆ. ನಿಧಾನ ಸರಿದರೆ ದೂರ, ದೂರ ಅಂದರೆ ದಾರಿ ಖಾಲಿ. ಅಂದರೆ ಇಡೀ ಕೋಣೆಯಲ್ಲಿ ನೊಣದ ಲೆಕ್ಕಕ್ಕೆ ಅತ್ಯಂತ ಸುರಕ್ಷಿತವಾದ, ಅಡ್ಡಿಯೇ ಇಲ್ಲದ ದಿಕ್ಕು ಯಾವುದು ಹೇಳಿ? ಗಾಜಿನ ದಿಕ್ಕು. ಜೊತೆಗೆ ಬೆಳಕೂ ಅಲ್ಲಿಂದಲೇ ಬರುತ್ತಿದೆ. ಬಡಿದ ಮೇಲೂ ಕಣ್ಣು ಅದೇ ಮಾತು ಹೇಳುತ್ತದೆ, ನೊಣ ಮತ್ತೆ ಅಲ್ಲಿಗೇ ಹೋಗುತ್ತದೆ. ಹತ್ತು ಮಿಲಿಗ್ರಾಂ ಆಸುಪಾಸಿನ ಪ್ರಾಣಿಗೆ ಬಡಿದರೆ ನೋವೂ ಅಷ್ಟಕ್ಕಷ್ಟೇ. ನಮ್ಮ ತೂಕದಲ್ಲಿ ಅದೇ ಕೆಲಸ ಮಾಡಿದ್ದರೆ ಎರಡನೇ ಸಲಕ್ಕೆ ಬುದ್ಧಿ ಬರುತ್ತಿತ್ತು.

ಓಡುವ ಬಸ್ಸು ಸ್ವಲ್ಪ ಬೇರೆ. ಅಲ್ಲಿ ನೊಣ ಒಳಗಿನ ಗಾಳಿಯ ಜೊತೆ ಸಾಗುತ್ತಿದೆ, ಹಾಗಾಗಿ ಸೀಟು, ಕಂಬಿ, ತಲೆಗಳ ಮಟ್ಟಿಗೆ ಎಲ್ಲವೂ ನಿಂತ ಕೋಣೆಯ ಹಾಗೇ. ಕಿಟಕಿಗಳಲ್ಲಿ ಮಾತ್ರ ಹೊರಗಿನ ಲೋಕ ಹಿಂದಕ್ಕೆ ಓಡುತ್ತಿರುತ್ತದೆ. ಶ್ರೀನಿವಾಸನ್ ಗೋಡೆಯ ಪಟ್ಟೆ ಓಡಿಸಿದ ಹಾಗೇ ಅಲ್ವಾ ಇದು? ಎಲ್ಲೂ ಓದಿದ್ದಲ್ಲ, ನನ್ನ ಊಹೆ ಅಷ್ಟೇ: ರಸ್ತೆಯ ಒಂದು ಬದಿಗೆ ಬಯಲು, ಇನ್ನೊಂದು ಬದಿಗೆ ಮರಗಳ ಸಾಲು ಇದ್ದರೆ ನೊಣಕ್ಕೆ ಬಯಲಿನ ಬದಿಯೇ ಖಾಲಿ ಅನ್ನಿಸಬೇಕು. ಆವತ್ತು ಅದು ಬಡಿದದ್ದು ಬಯಲಿನ ಕಡೆಯ ಗಾಜಿಗೇ. ಒಂದು ನೊಣದಿಂದ ಏನೂ ಸಾಬೀತಾಗುವುದಿಲ್ಲ ಬಿಡಿ.

ನೀರಿನ ಕಥೆಗೆ ಮಾತ್ರ ಸಾಕ್ಷಿ ಇದೆ. 1963ರಲ್ಲಿ ಹೆರಾನ್ ಮತ್ತು ಲಿಂಡಾವರ್ ಎಂಬ ವಿಜ್ಞಾನಿಗಳು ಜೇನುಹುಳಗಳು ಸರೋವರ ದಾಟುವುದನ್ನು ನೋಡಿದರು. ನೀರಿನ ಮೇಲೆ ಸಣ್ಣ ಅಲೆಗಳಿದ್ದಾಗ ತೊಂದರೆ ಇರಲಿಲ್ಲ. ನೀರು ಕನ್ನಡಿಯ ಹಾಗೆ ನಯವಾಗಿದ್ದಾಗ ಹುಳಗಳು ಹಾರುತ್ತಾ ಹಾರುತ್ತಾ ಕೆಳಗಿಳಿದು ನೀರಿಗೇ ಬಿದ್ದವು. ಕೆಳಗೆ ಸರಿಯುವುದು ಏನೂ ಕಾಣದಿದ್ದಾಗ "ನಾನು ತುಂಬಾ ಎತ್ತರದಲ್ಲಿದ್ದೇನೆ" ಅಂತ ಕಣ್ಣು ಹೇಳುತ್ತದೆ, ಹುಳ ಸರಿಯುವ ನೆಲವನ್ನು ಹುಡುಕಿಕೊಂಡು ಇಳಿಯುತ್ತದೆ. ಚಂದ ಇಳಿಯುವುದಕ್ಕೆ ಕಾರಣವಾದ ನಿಯಮವೇ ಇಲ್ಲಿ ಮುಳುಗಿಸುವುದಕ್ಕೂ ಕಾರಣ.

ತಿರುಗುವಾಗ ನೋಡಬೇಡ

ನೊಣದ ದಾರಿಯನ್ನು ಗಮನಿಸಿದರೆ ಒಂದು ವಿಚಿತ್ರ ಕಾಣುತ್ತದೆ. ಅದು ಬಳುಕಿ ಬಳುಕಿ ಹೋಗುವುದಿಲ್ಲ. ನೇರ ಗೆರೆ, ಚಟ್ಟನೆ ತಿರುವು, ಮತ್ತೆ ನೇರ ಗೆರೆ. ಹಣ್ಣುನೊಣ ಸುಮಾರು 90 ಡಿಗ್ರಿ ತಿರುಗಲು ಸೆಕೆಂಡಿನ 20ನೇ ಒಂದು ಭಾಗ ಸಾಕು. ಇದು ಅವಸರದ ಸ್ವಭಾವ ಅಂತ ನಾನು ಅಂದುಕೊಂಡಿದ್ದೆ. ಇದರ ಹಿಂದೆ ಗಟ್ಟಿ ಲೆಕ್ಕ ಇದೆ. ನೇರ ಹೋಗುವಾಗ ಹತ್ತಿರದ್ದು ಜೋರಾಗಿ, ದೂರದ್ದು ನಿಧಾನವಾಗಿ ಸರಿಯುತ್ತದೆ, ಅದರಿಂದ ದೂರ ತಿಳಿಯುತ್ತದೆ. ಇದ್ದಲ್ಲೇ ತಿರುಗಿದರೆ? ಕೂತಲ್ಲೇ ತಲೆ ತಿರುಗಿಸಿ ನೋಡಿ. ಕೈಯಲ್ಲಿರುವ ಪುಸ್ತಕವೂ ಆಚೆಯ ಗುಡ್ಡವೂ ಒಂದೇ ವೇಗದಲ್ಲಿ ಸರಿಯುತ್ತವೆ. ತಿರುಗುವಾಗಿನ ಚಿತ್ರದಲ್ಲಿ ದೂರದ ಸುದ್ದಿಯೇ ಇರುವುದಿಲ್ಲ, ಇದ್ದ ಸುದ್ದಿಯೂ ಕಲಸಿಹೋಗುತ್ತದೆ. ಹಾಗಾಗಿ ತಿರುಗುವ ಕೆಲಸವನ್ನೆಲ್ಲ ಒಂದು ಕ್ಷಣಕ್ಕೆ ಒಟ್ಟು ಮಾಡಿ ಮುಗಿಸಿಬಿಡುವುದು, ಉಳಿದ ಹೊತ್ತು ನೇರ ಹಾರಿ ನೋಡುವುದು. ಊದುನೊಣಗಳು (ಮಾಂಸದ ಮೇಲೆ ಕೂರುವ, ಮೈ ಹೊಳೆಯುವ ದಪ್ಪ ನೊಣಗಳು) ಇನ್ನೂ ಜಿಪುಣ, ಮೈ ತಿರುಗುವುದಕ್ಕಿಂತ ಬೇಗ ತಲೆಯನ್ನು ತಿರುಗಿಸಿ ಹೊಸ ದಿಕ್ಕಿನಲ್ಲಿ ನಿಲ್ಲಿಸಿಬಿಡುತ್ತವೆ.

ಇಲ್ಲೊಂದು ತೊಡಕಿದೆ. ಗಾಳಿ ತಳ್ಳಿ ಮೈ ತಿರುಗಿದರೆ ನೊಣ ಚಿತ್ರದ ಓಟ ನೋಡಿ ಮತ್ತೆ ಸರಿಮಾಡಿಕೊಳ್ಳುತ್ತದೆ. ಹಾಗಾದರೆ ತಾನೇ ಬೇಕೆಂದು ತಿರುಗಿದಾಗ ಅದೇ ಕಣ್ಣು ಯಾಕೆ ಅದನ್ನು ಹಿಂದಕ್ಕೆ ಎಳೆಯುವುದಿಲ್ಲ? ಫಾನ್ ಹೋಲ್ಸ್ಟ್ ಮತ್ತು ಮಿಟೆಲ್‌ಸ್ಟೆಡ್ ಎಂಬ ವಿಜ್ಞಾನಿಗಳು 1950ರಲ್ಲಿ ಇದನ್ನು ಸ್ವಲ್ಪ ಕ್ರೂರವಾಗಿಯೇ ಪರೀಕ್ಷಿಸಿದರು. ಒಂದು ನೊಣದ ತಲೆಯನ್ನು 180 ಡಿಗ್ರಿ ತಿರುಚಿ, ಎಡಗಣ್ಣು ಬಲಕ್ಕೆ ಬರುವ ಹಾಗೆ ಅಂಟಿಸಿಟ್ಟರು. ನೊಣ ಸ್ವಲ್ಪ ತಿರುಗಿದರೂ ಸಾಕು, ಗಿರಗಿರ ಸುತ್ತತೊಡಗಿತು. ತಿರುಗು ಅನ್ನುವ ಆಜ್ಞೆ ಹೊರಡುವಾಗಲೇ ಮೆದುಳು "ಇಷ್ಟು ಚಿತ್ರ ಹೀಗೆ ಸರಿಯುತ್ತದೆ" ಅಂತ ಕಣ್ಣಿನ ಕಡೆಗೂ ಒಂದು ಪ್ರತಿ ಕಳಿಸುತ್ತದೆ, ನಿರೀಕ್ಷೆಗೆ ತಕ್ಕ ಓಟವನ್ನು ಲೆಕ್ಕದಿಂದ ಕಳೆಯುತ್ತದೆ ಅಂತ ಅವರು ವಾದಿಸಿದರು. ತಲೆ ತಿರುಚಿದ್ದರಿಂದ ಕಳೆಯಬೇಕಾದದ್ದು ಕೂಡಿತು. ಇದಕ್ಕೆ ನರಕೋಶದ ಮಟ್ಟದ ಸಾಕ್ಷಿ ಸಿಕ್ಕಿದ್ದು 2015ರಲ್ಲಿ. ಹಣ್ಣುನೊಣ ಬೇಕೆಂದು ತಿರುಗುವ ಕ್ಷಣದಲ್ಲಿ ಅದರ ಚಲನೆ ಗುರುತಿಸುವ ಕೋಶಗಳನ್ನು ಮೆದುಳೇ ತಣ್ಣಗಾಗಿಸುವುದನ್ನು ಗ್ಯಾಬಿ ಮೈಮನ್ ಅವರ ಪ್ರಯೋಗಾಲಯ ಅಳೆದು ತೋರಿಸಿತು.

ಊದಿಕೊಳ್ಳುವ ನೆರಳು

ಪಕ್ಕದ ಗೋಡೆ ತಪ್ಪಿಸುವುದು ಒಂದು ಕೆಲಸ, ಎದುರಿನಿಂದ ಬರುವುದನ್ನು ತಪ್ಪಿಸುವುದು ಇನ್ನೊಂದು. ಎದುರಿನದು ಪಕ್ಕಕ್ಕೆ ಸರಿಯುವುದೇ ಇಲ್ಲ. ಅದೇ ಜಾಗದಲ್ಲಿ ನಿಂತು ದೊಡ್ಡದಾಗುತ್ತದೆ. ಮೊದಲು ಬಹಳ ನಿಧಾನ, ಕೊನೆಯಲ್ಲಿ ಒಮ್ಮೆಲೇ ಸ್ಫೋಟವಾದ ಹಾಗೆ. (ಏರೋಪ್ಲೇನ್ ಚಿಟ್ಟೆ ಬೇಟೆಯಾಡುವುದು ಇದನ್ನೇ ತಿರುಗಿಸಿಟ್ಟು. ಬೇಟೆಯ ಚುಕ್ಕೆ ತನ್ನ ಕಣ್ಣಿನಲ್ಲಿ ಪಕ್ಕಕ್ಕೆ ಸರಿಯದಂತೆ ಹಾರಿದರೆ ಡಿಕ್ಕಿ ಖಂಡಿತ. ಅದಕ್ಕೆ ಬೇಕಾದದ್ದೂ ಡಿಕ್ಕಿಯೇ.)

ಮಿಡತೆಯಲ್ಲಿ ಇದಕ್ಕೆಂದೇ ಒಂದೊಂದು ಕಣ್ಣಿಗೆ ಒಂದು ದೊಡ್ಡ ನರಕೋಶ ಇದೆ. ಎದುರಿಗೆ ಬರುವುದಕ್ಕೆ ಅದು ಜೋರಾಗಿ ಮಿಡಿಯುತ್ತದೆ, ದೂರ ಹೋಗುವುದಕ್ಕೆ ಸುಮ್ಮನಿರುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಕ್ಲೇರ್ ರಿಂಡ್ ಮತ್ತು ಪೀಟರ್ ಸಿಮನ್ಸ್ ಈ ಕೋಶಕ್ಕೆ ತಂತಿ ಸಿಕ್ಕಿಸಿ ಮಿಡತೆಗೆ ಸ್ಟಾರ್ ವಾರ್ಸ್ ಸಿನಿಮಾದ ತುಣುಕುಗಳನ್ನು ತೋರಿಸಿದರು. ಆಕಾಶನೌಕೆಗಳು ಪರದೆಯಿಂದ ಎದುರಿಗೆ ನುಗ್ಗಿ ಬರುವಾಗ ಕೋಶ ಮಿಡಿಯಿತು. ನಗಬೇಡಿ ಅನ್ನಲಾರೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ತಮಾಷೆಯಾಗಿ ಕೊಡುವ ಇಗ್ ನೊಬೆಲ್ ಶಾಂತಿ ಬಹುಮಾನವೇ 2005ರಲ್ಲಿ ಅವರಿಗೆ ಬಂತು. ಆದರೆ ಪ್ರಯೋಗದಲ್ಲಿ ಹುರುಳಿದೆ. ಲಕ್ಷಗಟ್ಟಲೆ ಮಿಡತೆಗಳು ಒಟ್ಟಿಗೆ ಹಾರುವಾಗ ಪಕ್ಕದಲ್ಲಿ ಹೋಗುವ ಎಲ್ಲದಕ್ಕೂ ಬೆಚ್ಚಿದರೆ ಹಾರುವುದೇ ಆಗುವುದಿಲ್ಲ. ನೇರ ತನ್ನ ಮೇಲೇ ಬರುವುದನ್ನು ಮಾತ್ರ ಬೇರೆ ಮಾಡಬೇಕು.

ನೊಣದಲ್ಲಿ ಈ ಕೆಲಸಕ್ಕಿರುವ ಕೋಶದ ಆಕಾರ ನೋಡಿದರೆ ಅದು ಏನು ಮಾಡುತ್ತದೆ ಅಂತ ಹೇಳಬೇಕಾಗಿಯೇ ಇಲ್ಲ. ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದವರು 2017ರಲ್ಲಿ ಅದನ್ನು ವಿವರಿಸಿದರು. ಎಲ್‌ಪಿಎಲ್‌ಸಿ2 ಅಂತ ಹೆಸರು. ಚಿತ್ರ ಮೇಲಕ್ಕೆ, ಕೆಳಕ್ಕೆ, ಮುಂದಕ್ಕೆ, ಹಿಂದಕ್ಕೆ ಸರಿಯುವ ಸುದ್ದಿ ನೊಣದ ಮೆದುಳಿನಲ್ಲಿ ಒಂದರ ಮೇಲೊಂದು ಇರುವ ನಾಲ್ಕು ಪದರಗಳಿಗೆ ಬೇರೆ ಬೇರೆಯಾಗಿ ಬಂದು ಸೇರುತ್ತದೆ. ಈ ಕೋಶ ನಾಲ್ಕು ಪದರಕ್ಕೂ ಒಂದೊಂದು ಕೈ ಚಾಚಿದೆ. ಮೇಲಕ್ಕೆ ಸರಿಯುವ ಪದರದಲ್ಲಿ ಮೇಲಕ್ಕೆ, ಕೆಳಕ್ಕೆ ಸರಿಯುವ ಪದರದಲ್ಲಿ ಕೆಳಕ್ಕೆ, ಹೀಗೆ. ಅಂದರೆ ಮಧ್ಯದಿಂದ ನಾಲ್ಕೂ ಕಡೆಗೆ ಹೊರಕ್ಕೆ ಹರಡುವ ಚಿತ್ರಕ್ಕೆ ಮಾತ್ರ ಅದು ಪೂರ್ತಿ ಎಚ್ಚರಗೊಳ್ಳುತ್ತದೆ. ಒಳಕ್ಕೆ ಸರಿಯುವುದೇನಾದರೂ ಬಂದರೆ ಅದೇ ಅದಕ್ಕೆ ಬ್ರೇಕು. ನಿಮ್ಮ ಕೈಯ ನೆರಳು ಊದಿಕೊಂಡರೆ ಸುದ್ದಿ ಇಲ್ಲಿಂದ ದಪ್ಪನೆಯ ನರತಂತಿಗೆ, ಅಲ್ಲಿಂದ ಕಾಲಿಗೆ ಹೋಗುತ್ತದೆ. ಅದೂ ಕುರುಡಾಗಿ ಹಾರುವುದಲ್ಲ. ಗ್ವಿನೆತ್ ಕಾರ್ಡ್ ಮತ್ತು ಮೈಕಲ್ ಡಿಕಿನ್ಸನ್ 2008ರಲ್ಲಿ ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದರು: ಕೂತ ಹಣ್ಣುನೊಣ ಹಾರುವುದಕ್ಕೆ ಸುಮಾರು 200 ಮಿಲಿಸೆಕೆಂಡ್ ಮುಂಚೆಯೇ ನಡುಕಾಲುಗಳನ್ನು ಸರಿಸಿ, ಮೈಭಾರವನ್ನು ಹೊಂದಿಸಿ, ಅಪಾಯ ಬರುವ ದಿಕ್ಕಿಗೆ ವಿರುದ್ಧವಾಗಿ ನೆಗೆಯಲು ಸಿದ್ಧವಾಗಿರುತ್ತದೆ. ಹಿರಿಯರ ಪೇಪರ್ ಸುರುಳಿ ಇಳಿಯುವ ಹೊತ್ತಿಗೆ ನಿರ್ಧಾರ ಆಗಿಹೋಗಿತ್ತು.

ಹೆಲ್ಮೆಟ್ಟಿನ ಗಾಜು

ಇಷ್ಟು ಚುರುಕಾದರೆ ಸಂಜೆ ಬೈಕಿನಲ್ಲಿ ಹೋಗುವಾಗ ಹುಳಗಳು ಮುಖಕ್ಕೆ ಯಾಕೆ ಬಡಿಯುತ್ತವೆ? ಮಳೆ ನಿಂತ ಮಾರನೆಯ ಸಂಜೆ ಹೀಗೇ ಹೋಗುತ್ತಿದ್ದೆ. ಹೆಲ್ಮೆಟ್ಟಿನ ಗಾಜಿನ ಮೇಲೆ ಒಂದಾದ ಮೇಲೊಂದು ಟಿಕ್ ಟಿಕ್. ಒರೆಸಿದರೆ ಜಿಡ್ಡು ಹರಡಿ ಎದುರಿನ ದೀಪಗಳೆಲ್ಲ ನಕ್ಷತ್ರದ ಹಾಗೆ ಒಡೆದು ಕಾಣುತ್ತಿದ್ದವು. ಕೊನೆಗೆ ಗಾಡಿ ಬದಿಗೆ ನಿಲ್ಲಿಸಿ, ನೀರು ಹಾಕಿ ತೊಳೆಯುತ್ತಾ ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಶುರು ಮಾಡಿದೆ.

ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಹೆಲ್ಮೆಟ್ಟಿನ ಅಗಲ ಸುಮಾರು 25 ಸೆಂಟಿಮೀಟರ್ ಇರಲಿ. ಹಣ್ಣುನೊಣದಂಥ ಕಣ್ಣಿಗೆ ಅದು ಒಂದು ಚುಕ್ಕೆಯಷ್ಟು, ಅಂದರೆ 5 ಡಿಗ್ರಿ, ಆಗುವುದು ಮೂರು ಮೀಟರಿನೊಳಗೆ ಬಂದ ಮೇಲೆ. ಆಗ ಉಳಿದ ಸಮಯ ಸುಮಾರು 170 ಮಿಲಿಸೆಕೆಂಡ್. ಆದರೆ ಒಂದು ಚುಕ್ಕೆ ದೊಡ್ಡದಾಗುತ್ತಿದೆ ಅಂತ ತಿಳಿಯಬೇಕಾದರೆ ಅದು ಕೆಲವು ಚುಕ್ಕೆಗಳಿಗಾದರೂ ಹರಡಬೇಕು. 20 ಡಿಗ್ರಿ ಆಗುವ ಹೊತ್ತಿಗೆ ಹೆಲ್ಮೆಟ್ಟು ಮುಕ್ಕಾಲು ಮೀಟರಿಗಿಂತ ಹತ್ತಿರ ಬಂದಿರುತ್ತದೆ, ಉಳಿದದ್ದು 42 ಮಿಲಿಸೆಕೆಂಡ್. ಹಣ್ಣುನೊಣ ಸೆಕೆಂಡಿಗೆ ಸುಮಾರು 200 ಸಲ ರೆಕ್ಕೆ ಬಡಿಯುತ್ತದೆ, ಹಾರುತ್ತಿರುವಾಗಲೇ ಅಪಾಯ ಕಂಡರೆ ಕೆಲವೇ ಬಡಿತಗಳಲ್ಲಿ ಮೈ ವಾಲಿಸಿ ದಿಕ್ಕು ಬದಲಿಸುತ್ತದೆ. ಐದು ಬಡಿತ ಅಂದರೂ 25 ಮಿಲಿಸೆಕೆಂಡ್ ಹೋಯಿತು. ಮಿಕ್ಕ 17 ಮಿಲಿಸೆಕೆಂಡಿನಲ್ಲಿ 12 ಸೆಂಟಿಮೀಟರ್ ಪಕ್ಕಕ್ಕೆ ಸರಿಯಬೇಕು. ಅದಕ್ಕೆ ಬೇಕಾದ ವೇಗ ಸೆಕೆಂಡಿಗೆ 7 ಮೀಟರ್. ಹಣ್ಣುನೊಣ ಸಾಮಾನ್ಯವಾಗಿ ಹಾರುವುದು ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ ವೇಗದಲ್ಲಿ. ಕಣ್ಣು ಸುಳ್ಳು ಹೇಳಿಲ್ಲ ಇಲ್ಲಿ, ಮೆದುಳೂ ತಡ ಮಾಡಿಲ್ಲ. ರೆಕ್ಕೆಗೆ ಹೊತ್ತು ಸಾಕಾಗಲಿಲ್ಲ. ಗಾಜಿನದು ಕಣ್ಣಿನ ಸೋಲು, ಹೆಲ್ಮೆಟ್ಟಿನದು ಬೇರೆಯದೇ ಸೋಲು. ಮುಸ್ಸಂಜೆ ಬೆಳಕಿಗೆ ಕಣ್ಣೂ ಸ್ವಲ್ಪ ನಿಧಾನವಾಗಿರುತ್ತದೆ, ಅದನ್ನು ನಾನು ಲೆಕ್ಕಕ್ಕೆ ಹಿಡಿದೇ ಇಲ್ಲ.

ಹುಲ್ಲುಕಡ್ಡಿಯ ಚೆಂಡು

ಚಿತ್ರದ ಓಟ, ಓಟ ಅಂತ ಇಷ್ಟೊತ್ತು ಹೇಳಿದೆ. ಆ ಓಟವನ್ನು ನರಕೋಶ ಕಂಡುಹಿಡಿಯುವುದು ಹೇಗೆ ಅನ್ನುವುದನ್ನೇ ಬಿಟ್ಟೆ. ಒಂದು ಮಸೂರಕ್ಕೆ ಗೊತ್ತಾಗುವುದು ಬೆಳಕು ಹೆಚ್ಚಾಯಿತೋ ಕಡಿಮೆಯಾಯಿತೋ ಅಷ್ಟೇ. ದಿಕ್ಕು ಗೊತ್ತಾಗುವುದಿಲ್ಲ.

ಇದಕ್ಕೆ ಉತ್ತರ ಕೊಟ್ಟವರು ಜರ್ಮನಿಯ ಇಬ್ಬರು. ಬರ್ನ್‌ಹಾರ್ಡ್ ಹಾಸೆನ್‌ಸ್ಟೈನ್ ಜೀವಶಾಸ್ತ್ರದವರು, ವರ್ನರ್ ರೈಖಾರ್ಟ್ ಭೌತಶಾಸ್ತ್ರದವರು. 1956ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿದ್ದದ್ದು ನೊಣ ಕೂಡ ಅಲ್ಲ, ಒಂದು ಜೀರುಂಡೆ. ಅದರ ಬೆನ್ನನ್ನು ಒಂದು ಹಿಡಿಕೆಗೆ ಅಂಟಿಸಿ ಗಾಳಿಯಲ್ಲಿ ತೂಗುಹಾಕಿ, ಕಾಲಿಗೆ ಹುಲ್ಲುಕಡ್ಡಿಗಳಿಂದ ಮಾಡಿದ ಹಗುರ ಚೆಂಡೊಂದನ್ನು ಕೊಟ್ಟರು. ಜೀರುಂಡೆ ತಾನು ಕಡ್ಡಿಯ ಮೇಲೆ ನಡೆಯುತ್ತಿದ್ದೇನೆ ಅಂದುಕೊಂಡು ನಡೆಯುತ್ತದೆ, ಉರುಳುವುದು ಚೆಂಡು. ಸ್ವಲ್ಪ ನಡೆದರೆ ಕವಲು ಸಿಗುತ್ತದೆ, ಎಡಕ್ಕೋ ಬಲಕ್ಕೋ ಹೋಗಬೇಕು. ಸುತ್ತಲಿನ ಪಟ್ಟೆಗಳನ್ನು ಓಡಿಸಿ ಅದು ಯಾವ ಕವಲು ಹಿಡಿಯಿತು ಅಂತ ಎಣಿಸುತ್ತಾ ಹೋದರು. ಇಂಥ ಚೆಂಡಿನಿಂದ ಒಂದು ಗಣಿತ ಸೂತ್ರ ಹುಟ್ಟಿತು ಅಂದರೆ ನನಗೆ ಈಗಲೂ ನಂಬಲು ಖುಷಿ.

ಸೂತ್ರ ಹೀಗೆ. ಪಕ್ಕಪಕ್ಕದ ಎರಡು ಚುಕ್ಕೆ ತೆಗೆದುಕೊಳ್ಳಿ. ಮೊದಲನೆಯದರ ಸುದ್ದಿಯನ್ನು ಸ್ವಲ್ಪ ತಡಮಾಡಿ, ಎರಡನೆಯದರ ಸುದ್ದಿಯೊಂದಿಗೆ ಗುಣಿಸಿ. ಬೆಳಕಿನ ಅಂಚು ಮೊದಲನೆಯದರಿಂದ ಎರಡನೆಯದಕ್ಕೆ ಹೋದರೆ, ತಡವಾದ ಸುದ್ದಿ ಮತ್ತು ಹೊಸ ಸುದ್ದಿ ಒಟ್ಟಿಗೆ ತಲುಪುತ್ತವೆ, ಗುಣಲಬ್ಧ ದೊಡ್ಡದು. ಎದುರು ದಿಕ್ಕಿಗೆ ಹೋದರೆ ಎರಡೂ ಬೇರೆ ಬೇರೆ ಹೊತ್ತಿಗೆ ಬರುತ್ತವೆ, ಗುಣಿಸಿದರೆ ಏನೂ ಉಳಿಯುವುದಿಲ್ಲ. ಎದುರು ದಿಕ್ಕಿಗೂ ಇಂಥದೇ ಒಂದು ಜೋಡಿ ಇಟ್ಟು, ಒಂದರಿಂದ ಇನ್ನೊಂದನ್ನು ಕಳೆದರೆ ದಿಕ್ಕು ಸಿಕ್ಕಿತು. ಇದರ ತಪ್ಪುಗಳೂ ಸೂತ್ರಬದ್ಧ. ಪಟ್ಟೆಗಳನ್ನು ಕಣ್ಣಿನ ಚುಕ್ಕೆಗಳ ಅಂತರಕ್ಕೆ ಹತ್ತಿರವಾಗುವಷ್ಟು ಸಣ್ಣ ಮಾಡಿದರೆ ಪಟ್ಟೆ ಬಲಕ್ಕೆ ಓಡಿದರೂ ಕೀಟ ಎಡಕ್ಕೆ ತಿರುಗುತ್ತದೆ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ಸುತ್ತಿದ ಹಾಗೆ ಕಾಣುತ್ತದಲ್ಲ, ಅದೇ ಜಾತಿಯ ಮೋಸ.

ನೊಣದ ಮೆದುಳಿನಲ್ಲಿ ಈ ದಿಕ್ಕು ಮೊದಲು ಹುಟ್ಟುವ ಜಾಗ ಟಿ4, ಟಿ5 ಅನ್ನುವ ಪುಟ್ಟ ಕೋಶಗಳು ಅಂತ ಅಲೆಕ್ಸಾಂಡರ್ ಬೋರ್ಸ್ಟ್ ಅವರ ಗುಂಪು 2013ರಲ್ಲಿ ತೋರಿಸಿತು. ಟಿ4 ಬೆಳಕಿನ ಅಂಚಿಗೆ, ಟಿ5 ಕತ್ತಲಿನ ಅಂಚಿಗೆ. ಎರಡರಲ್ಲೂ ನಾಲ್ಕು ದಿಕ್ಕಿಗೆ ನಾಲ್ಕು ಬಗೆ. ಆಗಲೇ ಹೇಳಿದ ನಾಲ್ಕು ಪದರಗಳಿಗೆ ಸುದ್ದಿ ಕಳಿಸುವವು ಇವೇ. ಆದರೆ ಒಂದು ಕೋಶ ಗುಣಿಸುವುದು ಹೇಗೆ? ಕೂಡುವುದು, ಕಳೆಯುವುದು ಸರಿ, ನರಕೋಶಕ್ಕೆ ಅವು ಸುಲಭ. ಗುಣಾಕಾರದ ಗುಟ್ಟು ಅದೇ ಗುಂಪಿನಿಂದ 2022ರಲ್ಲಿ ಹೊರಬಂತು, ಸೂತ್ರ ಬಂದು 66 ವರ್ಷ ಆದ ಮೇಲೆ. ಕತ್ತಲಿದ್ದಾಗ ಪಕ್ಕದ ಒಂದು ಕೋಶ ಟಿ4ನ ಪೊರೆಯನ್ನು ಸೋರುವ ಹಾಗೆ ಇಟ್ಟಿರುತ್ತದೆ, ಒಳಗೆ ಎಷ್ಟು ಕರೆಂಟ್ ಬಂದರೂ ವೋಲ್ಟೇಜ್ ಏರುವುದಿಲ್ಲ. ಬೆಳಕಿನ ಅಂಚು ಮೊದಲು ಆ ಕೋಶವನ್ನು ದಾಟಿದರೆ ಅದು ಸುಮ್ಮನಾಗುತ್ತದೆ, ಸೋರುವುದು ನಿಲ್ಲುತ್ತದೆ, ಪೊರೆಯ ತಡೆ ಏರುತ್ತದೆ. ಸರಿಯಾಗಿ ಆ ಹೊತ್ತಿಗೆ ಇನ್ನೊಂದು ಕೋಶದಿಂದ ಕರೆಂಟ್ ಬರುತ್ತದೆ. ವೋಲ್ಟೇಜ್ ಅಂದರೆ ಕರೆಂಟ್ ಗುಣಿಸು ತಡೆ, ಹೈಸ್ಕೂಲಿನ ಓಮನ ನಿಯಮ. ಗುಣಾಕಾರ ಅಲ್ಲೇ ಆಗಿಹೋಯಿತು.

ಒಂದು ಕಡೆ ಮಾತ್ರ ಲೆಕ್ಕ ಕೂಡುವುದಿಲ್ಲ, ನನಗೆ ಅದೇ ಇಷ್ಟ. ಈ ಸೂತ್ರದ ಯಂತ್ರ ನಿಜವಾದ ವೇಗವನ್ನು ಅಳೆಯುವುದಿಲ್ಲ. ಸೆಕೆಂಡಿಗೆ ಎಷ್ಟು ಪಟ್ಟೆ ಹಾದುಹೋಯಿತು, ಪಟ್ಟೆ ಎಷ್ಟು ಗಾಢ ಅನ್ನುವುದರ ಮೇಲೆ ಅದರ ಉತ್ತರ ಬದಲಾಗುತ್ತದೆ. ಜೀರುಂಡೆ, ಹಣ್ಣುನೊಣ ಪಟ್ಟೆ ನೋಡಿ ತಿರುಗುವಾಗ ಹಾಗೇ ಆಗುತ್ತದೆ. ಶ್ರೀನಿವಾಸನ್ ಅವರ ಸುರಂಗದಲ್ಲಿ ಹಾಗಾಗಲಿಲ್ಲ. ಒಂದು ಗೋಡೆಗೆ ದಪ್ಪ ಪಟ್ಟೆ, ಇನ್ನೊಂದಕ್ಕೆ ಸಣ್ಣ ಪಟ್ಟೆ ಹಚ್ಚಿದರೂ ಜೇನುಹುಳ ನಡುವೆಯೇ ಹಾರಿತು. ಸೂತ್ರದ ಪ್ರಕಾರ ಅದು ಒಂದು ಕಡೆಗೆ ವಾಲಬೇಕಿತ್ತು. ದಿಕ್ಕು ನೋಡಿ ಮೈ ತಿರುಗಿಸಲು ಒಂದು ಯಂತ್ರ, ವೇಗ ನೋಡಿ ದಾರಿ ಹಿಡಿಯಲು ಇನ್ನೊಂದು ಅಂತ ಶ್ರೀನಿವಾಸನ್ ವಾದಿಸಿದರು. ಹಣ್ಣುನೊಣದ ಇಡೀ ಮೆದುಳಿನ ನಕ್ಷೆ, ಸುಮಾರು 1,40,000 ನರಕೋಶಗಳದ್ದು, 2024ರಲ್ಲೇ ಬಂದಿದೆ. ಜೇನುಹುಳದ ಮೆದುಳಿನಲ್ಲಿ ಅದರ ಆರೇಳು ಪಟ್ಟು ಕೋಶಗಳಿವೆ, ಆ ಎರಡನೇ ಯಂತ್ರವನ್ನು ಹುಡುಕಬೇಕಾದದ್ದು ಅಲ್ಲಿ.